ಆಟದೊಳಗಿನ ಒಲವು: ಆಡುವವರು ನನಗೆ ಕಲಿಸಿದ ಏಳು ಪಾಠಗಳು

ರೋಲ್ ಪ್ಲೇಯಿಂಗ್ ಗೇಮ್ ಆಡುವವರ ನಡುವೆ ಕತ್ತಿ, ಮಂತ್ರಗಳ ಬಗ್ಗೆ ಎದ್ದ ಜಗಳ ಬೇಗ ತಣ್ಣಗಾಗುತ್ತದೆ. ಪ್ರೀತಿಯ ಬಗ್ಗೆ ಎದ್ದ ಜಗಳ ವರ್ಷಗಟ್ಟಲೆ ಉರಿಯುತ್ತದೆ. 2000ನೇ ಇಸವಿಯಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಆಟಗಾರ ತನ್ನ ಜೊತೆ ಸಾಗುವವರಲ್ಲಿ ಒಬ್ಬರನ್ನು ಪ್ರೀತಿಸಬಹುದಿತ್ತು, ಬೇಡವೆಂದರೆ ಬಿಡಬಹುದಿತ್ತು. ಗಂಡು ನಾಯಕನಿಗೆ ಏರಿ, ಜಹೀರಾ, ವಿಕೋನಿಯಾ ಎಂಬ ಮೂವರು; ನಾಯಕಿಗೆ ಅನೋಮೆನ್ ಒಬ್ಬನೇ. ಇದು ಯಾವ ನ್ಯಾಯ ಎಂದು ಕೇಳುವ ಹಳೆಯ ಆಟಗಾರ್ತಿಯರು ಈಗಲೂ ಇದ್ದಾರೆ.

ನಾನು ಬೆಂಗಳೂರಿನಲ್ಲಿ ಸಣ್ಣ ತಂಡಗಳ ಆಟಗಳಿಗೆ ಸಂಭಾಷಣೆ ಬರೆಯುತ್ತೇನೆ. ಇಲ್ಲಿರುವ ಪಾಠಗಳು ನನಗೆ ತಾನಾಗಿ ಹೊಳೆದವಲ್ಲ. ಆಡಿದವರು, ಬೇಸರಪಟ್ಟವರು, ಒಂದೇ ಪಾತ್ರಕ್ಕಾಗಿ ಆಟವನ್ನು ಮತ್ತೆ ಮೊದಲಿಂದ ಶುರುಮಾಡಿದವರು ಹೇಳಿಕೊಟ್ಟವು. ಕೆಲವು ಆಟಗಳ ಕಥೆಯ ಗುಟ್ಟು ಮುಂದೆ ಬಯಲಾಗುತ್ತದೆ. ಇನ್ನೂ ಆಡದವರು ಅದನ್ನು ಗಮನದಲ್ಲಿಟ್ಟು ಓದಬೇಕು.

1. ಪ್ರೀತಿ ಬೇಡ ಎಂದವರಿಗೂ ಪಾತ್ರ ಪೂರ್ತಿಯಾಗಿ ಸಿಗಬೇಕು.

ರೊಮ್ಯಾನ್ಸ್ ಬೇಡ ಎನ್ನುವವರಿಗೆ ಕಥೆಯೇ ಬೇಡ, ಹೊಡೆದಾಟವಷ್ಟೇ ಸಾಕು ಎಂದು ಬಹುಕಾಲ ನಂಬಿದ್ದೆ. ಅವರ ದೂರನ್ನು ಕೂತು ಕೇಳಿದಾಗ ತಿಳಿದದ್ದೇ ಬೇರೆ. ಅವರಿಗೆ ಕಥೆ ಬೇಕು, ಇನ್ನೂ ಹೆಚ್ಚು ಬೇಕು. ಪಾತ್ರದ ಬಾಲ್ಯ, ಭಯ, ಮನಸ್ಸಿನ ಗಾಯ ಎಲ್ಲವನ್ನೂ ಪ್ರೀತಿಯ ದಾರಿಯಲ್ಲೇ ಸುರಿದು, ಸ್ನೇಹದ ದಾರಿಯನ್ನು ಬರಿದಾಗಿ ಬಿಡುವ ಆಟಗಳ ಮೇಲೆ ಅವರ ಸಿಟ್ಟು. ನಾನೂ ಅದನ್ನೇ ಮಾಡಿದ್ದೆ. ಊರು ಬಿಟ್ಟು ಬಂದ ಅಂಬಿಗನೊಬ್ಬನ ಪಾತ್ರ ಬರೆದಿದ್ದೆ. ಅವನ ತಮ್ಮ ಹೇಗೆ ತೀರಿಕೊಂಡ ಎಂದು ತಿಳಿಯಬೇಕಾದರೆ ಅವನನ್ನು ಪ್ರೀತಿಸಲೇಬೇಕಿತ್ತು. ಆಡಿ ನೋಡಿದ ಹುಡುಗಿಯೊಬ್ಬಳು, “ಸ್ನೇಹಿತೆ ಹತ್ರ ಹೇಳ್ಕೊಳ್ಳೋಕಾಗ್ದೇ ಇರೋ ದುಃಖಾನಾ ಸರ್ ಅದು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ‘ಮಾಸ್ ಎಫೆಕ್ಟ್ 3’ರಲ್ಲಿ ಗ್ಯಾರಸ್ ತನ್ನ ನಾಯಕ ಶೆಪರ್ಡ್‌ನನ್ನು ಎತ್ತರದ ಜಾಗವೊಂದಕ್ಕೆ ಕರೆದೊಯ್ದು ಬಾಟಲಿಗಳಿಗೆ ಗುರಿಯಿಡುವ ಪಂದ್ಯ ಕಟ್ಟುತ್ತಾನೆ. ಪ್ರೇಮಿಗೂ ಅದು ಸಿಗುತ್ತದೆ, ಗೆಳೆಯನಿಗೂ ಸಿಗುತ್ತದೆ. ಯುದ್ಧದ ನಡುವೆ ಸಿಕ್ಕ ಆ ಬಿಡುವನ್ನು ನೆನೆಯುವಾಗ ಎರಡೂ ದಾರಿಯಲ್ಲಿ ಹೋದವರ ದನಿ ಒಂದೇ ಥರ ಮೆತ್ತಗಾಗುವುದನ್ನು ಕಂಡಿದ್ದೇನೆ.

2. ಒಳ್ಳೆಯ ಮಾತಾಡಿದ್ದನ್ನೆಲ್ಲ ಪ್ರೇಮವೆಂದು ಎಣಿಸಬಾರದು.

2007ರ ಮೊದಲ ‘ಮಾಸ್ ಎಫೆಕ್ಟ್’ ಆಡಿದ ಹಲವರ ಅನುಭವ ಒಂದೇ: ಹಡಗಿನಲ್ಲಿದ್ದವರನ್ನು ಮಾತಾಡಿಸಿದೆವು, ಕಷ್ಟಸುಖ ಕೇಳಿದೆವು, ಅಷ್ಟರಲ್ಲೇ ಇಬ್ಬರು ಎದುರು ನಿಂತು ನಮ್ಮಲ್ಲಿ ಯಾರು ಬೇಕು ಎಂದು ಕೇಳಿದರು. 2023ರ ಆಗಸ್ಟ್‌ನಲ್ಲಿ ‘ಬಾಲ್ಡರ್ಸ್ ಗೇಟ್ 3’ ಬಂದಾಗಲೂ ಇದೇ ದೂರು. ನಾಲ್ಕು ಒಳ್ಳೆಯ ಮಾತಾಡಿದರೆ ಶಿಬಿರದಲ್ಲಿದ್ದವರೆಲ್ಲ ಒಲಿದುಬಿಡುತ್ತಿದ್ದರು. ಒಲಿಯಲು ಬೇಕಾದ ಮಿತಿ ತೀರಾ ಕೆಳಗಿದ್ದದ್ದು ದೋಷವೇ ಎಂದು ಲೇರಿಯನ್ ಸ್ಟುಡಿಯೋಸ್‌ನ ಮುಖ್ಯಸ್ಥ ಸ್ವೆನ್ ವಿಂಕೆ ಹೇಳಿದರು. 2011ರ ‘ಡ್ರ್ಯಾಗನ್ ಏಜ್ 2’ ಇದಕ್ಕೊಂದು ಸರಳ ದಾರಿ ತೋರಿಸಿತ್ತು: ಪ್ರೇಮದ ಮಾತಿಗೆ ಹೃದಯದ ಗುರುತು. ಅಷ್ಟು ಬಿಡಿಸಿ ಹೇಳಿದರೆ ಸೊಗಸು ಕೆಡುತ್ತದೆ ಎಂದು ನಾನು ವಾದಿಸುತ್ತಿದ್ದೆ. ಹಾಲ್‌ನ ಟಿವಿಯಲ್ಲಿ, ಮನೆಯವರು ಓಡಾಡುವ ಹೊತ್ತಿನಲ್ಲಿ ಆಡುವ ಹುಡುಗರ ಜೊತೆ ಮಾತಾಡಿದ ಮೇಲೆ ಆ ವಾದ ಬಿಟ್ಟೆ. ತಾವು ಆರಿಸುವ ಮಾತು ಯಾವ ದೃಶ್ಯಕ್ಕೆ ಕರೆದೊಯ್ಯುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿರಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ನಗ್ನತೆಯನ್ನು ಮರೆಮಾಡುವ ಸೆಟ್ಟಿಂಗ್ ಇದೆ; ಒಂದೇ ಹಾಲ್ ಹಂಚಿಕೊಂಡು ಬದುಕುವ ಮನೆಗಳಿಗೆ ಅದು ದೊಡ್ಡ ಉಪಕಾರ. ಸ್ನೇಹವಾಗಿಯೇ ಮಾತಾಡಿ ಸ್ನೇಹವಾಗಿಯೇ ಉಳಿಯುವ ಹಕ್ಕು ಆಡುವವರಿಗಿದೆ.

3. ಪ್ರೀತಿಗೆ ಅಂಕ ಕೊಟ್ಟರೆ ಆಡುವವರು ಅಂಕವನ್ನೇ ಪ್ರೀತಿಸುತ್ತಾರೆ.

2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಜೊತೆಗಾರರಿಗೆ ಉಡುಗೊರೆ ಕೊಟ್ಟರೆ ಮೆಚ್ಚುಗೆ ಏರುತ್ತದೆ. ಬೆಳಿಗ್ಗೆ ಮಾರಿಗನ್‌ಳ ಮನ ನೋಯಿಸಿ ಸಂಜೆ ಒಂದು ಒಡವೆ ಕೊಟ್ಟು ಸರಿಮಾಡಿಕೊಳ್ಳಬಹುದು. ಅಂಗಡಿಯ ಉದ್ರಿ ಲೆಕ್ಕದಂತೆ ಬಾಕಿ ಚುಕ್ತಾ ಆಗಿಬಿಡುತ್ತದೆ. ಆದರೆ 2016ರಲ್ಲಿ ಎರಿಕ್ ಬರೋನ್ ಒಬ್ಬರೇ ಕಟ್ಟಿದ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲೂ ಅಂಕಗಳೇ ಇವೆ: ವಾರಕ್ಕೆ ಎರಡು ಉಡುಗೊರೆ, ಎಂಟು ಹೃದಯ ತುಂಬಿದ ಮೇಲೆ ಹೂಗುಚ್ಛ, ಹತ್ತು ತುಂಬಿದ ಮೇಲೆ ಮದುವೆಯ ಪ್ರಸ್ತಾಪ. ಅಲ್ಲಿ ಯಾರೂ ಅಷ್ಟು ಗೊಣಗುವುದಿಲ್ಲ. ಬಿತ್ತಿ, ನೀರುಣಿಸಿ, ಋತು ತಿರುಗುವವರೆಗೆ ಕಾಯುವುದೇ ಆ ಆಟವಾದ್ದರಿಂದ ಒಲವಿಗಾಗಿ ಕಾಯುವುದೂ ಅದರೊಳಗೆ ಬೆರೆತುಹೋಗುತ್ತದೆ. ನಾನು ಇದನ್ನು ಗಮನಿಸದೆ, ಒಂದೇ ರಾತ್ರಿಯಲ್ಲಿ ನಡೆದು ಮುಗಿಯುವ ಕಥೆಗೆ ಅಂಕಗಳ ಪಟ್ಟಿ ಮಾಡಿದ್ದೆ. ಆಡಿದವರು ಆ ಪಟ್ಟಿಯನ್ನು ಕಂಡುಹಿಡಿದು ಹಂಚಿಕೊಂಡರು, ಸಂಭಾಷಣೆಯನ್ನು ಓದುವುದನ್ನೇ ಬಿಟ್ಟರು. ಆಮೇಲೆ ನನ್ನನ್ನು ಎಚ್ಚರಿಸಿದ್ದು ಮತ್ತೆ ಡ್ರ್ಯಾಗನ್ ಏಜ್ 2. ಅಲ್ಲಿ ಸ್ನೇಹ, ಪೈಪೋಟಿ ಎಂಬ ಎರಡು ತುದಿಗಳಿವೆ. ಉದ್ದಕ್ಕೂ ನಿಮ್ಮನ್ನು ವಿರೋಧಿಸಿದ ಪಾತ್ರವೂ ನಿಮ್ಮನ್ನು ಪ್ರೀತಿಸಬಹುದು. ಎಲ್ಲಕ್ಕೂ ಹೂಂ ಎನ್ನದೆಯೂ ಒಬ್ಬರಿಗೆ ಹತ್ತಿರವಾಗಬಹುದು ಎಂದು ಅಂಕಗಳ ಆಟವೇ ತೋರಿಸಿಕೊಟ್ಟಿತು.

4. ಬಾಗಿಲು ಎಲ್ಲರಿಗೂ ತೆರೆದಿರಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ.

ಅತ್ಯಂತ ಬಿಸಿಯ ಚರ್ಚೆ ಇದು. ಡ್ರ್ಯಾಗನ್ ಏಜ್ 2ರ ಪ್ರೇಮಪಾತ್ರಗಳಲ್ಲಿ ಆಂಡರ್ಸ್, ಫೆನ್ರಿಸ್, ಇಸಬೆಲಾ, ಮೆರಿಲ್ ನಾಲ್ವರೂ ನಾಯಕ ಗಂಡಾದರೂ ಹೆಣ್ಣಾದರೂ ಒಲಿಯುತ್ತಾರೆ. ಅದೇ ಸರಣಿಯ 2014ರ ‘ಇನ್‌ಕ್ವಿಸಿಷನ್’ ಬೇರೆ ದಾರಿ ಹಿಡಿಯಿತು: ಡೋರಿಯನ್‌ಗೆ ಗಂಡಸರ ಮೇಲೆ ಮಾತ್ರ, ಸೇರಾಗೆ ಹೆಂಗಸರ ಮೇಲೆ ಮಾತ್ರ ಮನಸ್ಸು. ಪಾತ್ರಕ್ಕೆ ತನ್ನದೇ ಆಸೆ ಇರಬೇಕು, ಎಲ್ಲರಿಗೂ ಒಲಿಯುವ ಪಾತ್ರದಲ್ಲಿ ಸತ್ವವಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತಿದ್ದೆ. ಗಂಡಸರನ್ನು ಪ್ರೀತಿಸುವ ಗೆಳೆಯನೊಬ್ಬ ಒಮ್ಮೆ ತನ್ನ ಕಡೆಯ ಮಾತು ಹೇಳಿದ. ಮಾಸ್ ಎಫೆಕ್ಟ್‌ನ ಮೊದಲ ಎರಡು ಭಾಗಗಳಲ್ಲಿ ಗಂಡು ಶೆಪರ್ಡ್‌ಗೆ ಪ್ರೀತಿಸಲು ಒಬ್ಬ ಗಂಡಸೂ ಇರಲಿಲ್ಲ. 2012ರ ಮೂರನೆಯ ಭಾಗದಲ್ಲಿ ಕೋರ್ಟೆಜ್ ಬಂದ, ಕೇಡನ್ ಒಲಿದ. ಅಷ್ಟು ವರ್ಷ ಕಾದವನಿಗೆ ಬಾಗಿಲುಗಳೆಲ್ಲ ತೆರೆದಿರುವ ಆಟವೆಂದರೆ ಮೊದಲ ಸಲ ಮನೆಯೊಳಗೆ ಕರೆಸಿಕೊಂಡ ಅನುಭವ. ಅದೇ ಗೆಳೆಯನೇ ಡೋರಿಯನ್‌ನ ಬಗ್ಗೆಯೂ ಅಷ್ಟೇ ತುಂಬಿ ಮಾತಾಡಿದ. ಮಗನ ಮನಸ್ಸನ್ನು ರಕ್ತಮಾಂತ್ರಿಕತೆಯಿಂದ ಬದಲಿಸಲು ಹೊರಟ ತಂದೆ, ಆ ತಂದೆಯನ್ನು ಎದುರಿಸಿ ನಿಂತ ಮಗ. ಡೋರಿಯನ್ ಎಲ್ಲರಿಗೂ ಒಲಿಯುವಂತಿದ್ದರೆ ಆ ಕಥೆ ನಿಲ್ಲುತ್ತಿರಲಿಲ್ಲ. ಯಾರನ್ನು ಪ್ರೀತಿಸುತ್ತಾರೆ ಎಂಬುದು ಪಾತ್ರದ ಕಥೆಯ ಜೀವವಾಗಿದ್ದರೆ ಅದನ್ನು ಕಾಪಾಡಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಲು ಕಾರಣವಿಲ್ಲ. ನಾನೀಗ ಪ್ರತಿ ಪಾತ್ರಕ್ಕೂ ಇದನ್ನು ಬೇರೆಬೇರೆಯಾಗಿ ಕೇಳಿಕೊಳ್ಳುತ್ತೇನೆ.

5. ಒಲ್ಲೆ ಎನ್ನುವ ಗಳಿಗೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು.

ಆಟಗಾರ ಬೇಡ ಎಂದಾಗ ನನ್ನ ಪಾತ್ರಗಳು “ಸರಿ, ಆಗಲಿ” ಎಂದು ಸುಮ್ಮನಾಗುತ್ತಿದ್ದವು. ಅಲ್ಲಿಗೆ ನನ್ನ ಬರವಣಿಗೆಯೂ ಮುಗಿಯುತ್ತಿತ್ತು. ಬೇಡ ಎಂದವರು ಮುಂದಿನ ದೃಶ್ಯಗಳಲ್ಲಿ ಅಪರಿಚಿತರ ಜೊತೆ ಸಾಗಿದಂತಾಯಿತು ಎಂದು ಹೇಳಿದರು. ಬಾಲ್ಡರ್ಸ್ ಗೇಟ್ 3ರ ಆಸ್ಟೇರಿಯನ್ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ ಪಾತ್ರ. ಇನ್ನೂರು ವರ್ಷ ಒಡೆಯನೊಬ್ಬನ ಗುಲಾಮನಾಗಿ, ಅವನಿಗಾಗಿ ಜನರನ್ನು ಮೋಹಿಸಿ ತರುವ ಕೆಲಸ ಮಾಡಿದ ರಕ್ತಪಿಶಾಚಿ ಅವನು. ಒಂದು ಕಡೆ ಹೆಂಗಸೊಬ್ಬಳು ತನ್ನ ರಕ್ತ ಕುಡಿಯೆಂದು ಅವನನ್ನು ಒತ್ತಾಯಿಸುತ್ತಾಳೆ. ನಿನಗೆ ಮನಸ್ಸಿಲ್ಲದಿದ್ದರೆ ಬೇಡ ಎಂದು ನಾವು ಅವನ ಪರ ನಿಂತರೆ, ಆಮೇಲೆ ಅವನು ನಮ್ಮ ಮೇಲೆ ತೋರಿಸಿದ ಮೋಹವೂ ರಕ್ಷಣೆಗಾಗಿ ಹೂಡಿದ ತಂತ್ರವಾಗಿತ್ತೆಂದು ಒಪ್ಪಿಕೊಳ್ಳುತ್ತಾನೆ. ಆಗ ಅವನನ್ನು ಸುಮ್ಮನೆ ಅಪ್ಪಿಕೊಳ್ಳುವ ಆಯ್ಕೆ ಇದೆ. ಅಲ್ಲಿಂದಾಚೆ ದೇಹಸಂಬಂಧವಿಲ್ಲದೆಯೂ ಜೊತೆಯಾಗಿರಬಹುದು. ಆ ಪಾತ್ರಕ್ಕೆ ದನಿ ಕೊಟ್ಟ ನೀಲ್ ನ್ಯೂಬನ್ 2023ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟನೆಯ ಪ್ರಶಸ್ತಿ ಪಡೆದರು. ತಮ್ಮ ಬದುಕಿನಲ್ಲಿ ಬೇಡ ಎನ್ನಲಾಗದೆ ಹೋದ ಆಟಗಾರರು ಈ ದೃಶ್ಯದ ಬಗ್ಗೆ ಹೇಳಿಕೊಳ್ಳುವ ಮಾತುಗಳನ್ನು ಕೇಳಿದ ಮೇಲೆ, ನಿರಾಕರಣೆಯನ್ನು ಒಂದೇ ಸಾಲಿನಲ್ಲಿ ಮುಗಿಸುವ ಧೈರ್ಯ ನನಗಿಲ್ಲ.

6. ಎಲ್ಲ ಪ್ರೀತಿಯೂ ಸುಖಾಂತವಾಗಲಿ ಎಂದು ಆಡುವವರು ಕೇಳುವುದಿಲ್ಲ.

ಆಯ್ಕೆಯ ಪ್ರೀತಿಯೆಂದರೆ ಆಟಗಾರನಿಗೆ ಸಿಗುವ ಬಹುಮಾನ, ಅದನ್ನು ಕಿತ್ತುಕೊಳ್ಳಬಾರದು ಎಂದು ನಾನು ಹೆದರುತ್ತಿದ್ದೆ. ಇನ್‌ಕ್ವಿಸಿಷನ್‌ನ ಸೋಲಸ್ ಆ ಹೆದರಿಕೆ ಬಿಡಿಸಿದ. ಅವನು ಒಲಿಯುವುದು ಎಲ್ಫ್ ಕುಲದ ನಾಯಕಿಗೆ ಮಾತ್ರ. ಕಥೆಯ ನಡುವೆ ತಾನೇ ಆ ಸಂಬಂಧ ಮುರಿದುಕೊಳ್ಳುತ್ತಾನೆ. ಆ ದಾರಿ ಹಿಡಿದವರು ಮುಂದಿನ ಭಾಗವಾದ 2024ರ ‘ದಿ ವೇಲ್‌ಗಾರ್ಡ್’ ಬರುವವರೆಗೆ ಹತ್ತು ವರ್ಷ ಅವನಿಗಾಗಿ ಕಾದರು, ಚಿತ್ರ ಬರೆದರು, ಕಥೆ ಕಟ್ಟಿದರು. ‘ದಿ ವಿಚರ್ 3’ರಲ್ಲಿ ಟ್ರಿಸ್‌ಗೂ ಯೆನ್ನೆಫರ್‌ಗೂ ಪ್ರೀತಿಯ ಮಾತು ಕೊಟ್ಟ ನಾಯಕ ಗೆರಾಲ್ಟ್‌ಗೆ ಕೊನೆಗೆ ಇಬ್ಬರೂ ಇಲ್ಲ. ಅದನ್ನು ಅನ್ಯಾಯ ಎಂದವರನ್ನು ನಾನು ಹೆಚ್ಚು ಕಂಡಿಲ್ಲ. ಆಡುವವರನ್ನು ನಿಜವಾಗಿ ಕೆರಳಿಸುವುದು ಕಾರಣವಿಲ್ಲದ ಅಗಲಿಕೆ: ಮುಂದಿನ ಭಾಗದಲ್ಲಿ ಪ್ರೇಮಿಗೆ ಎರಡು ಸಾಲಿನ ಪತ್ರವಷ್ಟೇ ಉಳಿಯುವುದು, ಜೊತೆ ಬಾಳಿದ ಗುರುತೇ ಇಲ್ಲದಂತೆ ಮಾತಾಡುವುದು. ಅಗಲಿಕೆಗೆ ಪಾತ್ರದ ಸ್ವಭಾವದಲ್ಲೇ ಕಾರಣವಿದ್ದರೆ ಅವರು ಅಳುತ್ತಾರೆ, ಮತ್ತೆ ಅದನ್ನೇ ಆಡುತ್ತಾರೆ.

7. ನಾಯಕನನ್ನು ಬಿಟ್ಟೂ ಜನ ಪ್ರೀತಿಸಲಿ.

2019ರ ‘ದಿ ಔಟರ್ ವರ್ಲ್ಡ್ಸ್’ನಲ್ಲಿ ಆಟಗಾರ ಯಾರನ್ನೂ ಪ್ರೀತಿಸುವಂತಿಲ್ಲ. ಆದರೆ ಜೊತೆಗಿರುವ ಪಾರ್ವತಿ ಎಂಬ ಮೆಕ್ಯಾನಿಕ್ ಹುಡುಗಿಗೆ ಜುನ್ಲೇ ಎಂಬಾಕೆಯ ಮೇಲೆ ಮನಸ್ಸಾಗುತ್ತದೆ. ತನಗೆ ದೈಹಿಕ ಆಸೆ ಇಲ್ಲ, ಅದರಿಂದ ಹಿಂದೆ ನೋವುಂಡಿದ್ದೇನೆ ಎಂದು ಅವಳು ಅಂಜುತ್ತ ಹೇಳಿಕೊಳ್ಳುತ್ತಾಳೆ. ಅವಳಿಗೆ ಧೈರ್ಯ ಹೇಳುವುದು, ಮೊದಲ ಊಟಕ್ಕೆ ಬೇಕಾದ ಸಾಮಾನು ಹುಡುಕಿ ತರುವುದು ನಮ್ಮ ಪಾಲಿನ ಕೆಲಸ. ಆ ಕ್ವೆಸ್ಟ್ ಮುಗಿಸಿದಾಗ ನನಗಾದ ಸಂತೋಷ, ನಾನೇ ನಾಯಕನಾಗಿ ಗೆದ್ದ ಹಲವು ಪ್ರೇಮಗಳಲ್ಲಿ ಸಿಕ್ಕಿರಲಿಲ್ಲ. ಮಾಸ್ ಎಫೆಕ್ಟ್ 3ರಲ್ಲಿ ನಾವು ಗ್ಯಾರಸ್‌ನನ್ನೂ ಟಾಲಿಯನ್ನೂ ಪ್ರೀತಿಸದಿದ್ದರೆ ಅವರಿಬ್ಬರೇ ಒಬ್ಬರಿಗೊಬ್ಬರು ಒಲಿಯಬಹುದು. ಇನ್‌ಕ್ವಿಸಿಷನ್‌ನಲ್ಲಿ ಡೋರಿಯನ್, ಐರನ್ ಬುಲ್ ಕೂಡ ಹಾಗೆಯೇ. ನಾವು ಬಿಟ್ಟ ದಾರಿಯಲ್ಲೂ ಬದುಕು ನಡೆಯುತ್ತಿದೆ ಎಂದು ಕಂಡಾಗ ಆ ಲೋಕ ನಂಬಿಕೆಗೆ ಅರ್ಹವಾಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ನನಗೆ ಅನಿಸುವುದು ಇದು: ರೊಮ್ಯಾನ್ಸ್ ಬೇಕು ಎನ್ನುವವರೂ ಬೇಡ ಎನ್ನುವವರೂ ಕೇಳುತ್ತಿರುವುದು ಒಂದನ್ನೇ. ಜೊತೆಗಿರುವವರು ನಮ್ಮ ಆಯ್ಕೆಗಾಗಿ ಕಾದು ಕೂತ ಬೊಂಬೆಗಳಾಗದೆ, ತಮ್ಮದೇ ಮನಸ್ಸುಳ್ಳ ಮನುಷ್ಯರಾಗಿರಬೇಕು. ಹೊಸದಾಗಿ ಬರೆಯುವವರು ಕೇಳಿದರೆ ನಾನು ನನ್ನ ಕೆಲಸದ ಕ್ರಮವನ್ನಷ್ಟೇ ಹೇಳುತ್ತೇನೆ. ಮೊದಲು ಆ ಪಾತ್ರದ ಸ್ನೇಹವನ್ನು ಬರೆಯಿರಿ, ಆಮೇಲೆ ಅವರು ಬೇಡ ಎನ್ನುವುದನ್ನು, ಆಮೇಲೆ ನಾವು ಬೇಡ ಎಂದಾಗ ಅವರು ಹೇಗಿರುತ್ತಾರೆ ಎಂಬುದನ್ನು. ಈ ಮೂರೂ ನಿಂತ ಮೇಲೆ ಪ್ರೀತಿಯ ದೃಶ್ಯಕ್ಕೆ ಕೈ ಹಾಕಿ. ಅಷ್ಟು ಹೊತ್ತಿಗೆ ಆ ಪಾತ್ರ ಯಾರನ್ನು ಹೇಗೆ ಪ್ರೀತಿಸುತ್ತದೆ ಎಂಬುದು ನಿಮಗೆ ಗೊತ್ತಾಗಿರುತ್ತದೆ.