ಇಂದಿನ ಧಮ್ಮ ಚಿಂತನೆ: ಕಷ್ಟಗಳ ಗಂಟು ಬಿಚ್ಚುವುದು



ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು. ಅದೇ ವಾರ ಅವ್ವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿರುವಾಗಲೇ ತಮ್ಮನ ಗುತ್ತಿಗೆ ಕೆಲಸ ಹೋಯಿತೆಂದು ಫೋನ್ ಬಂತು. ನೋಡಲು ಬಂದವರೊಬ್ಬರು 'ಶನಿಕಾಟ, ಶಾಂತಿ ಮಾಡಿಸಿ' ಎಂದರು. ಇನ್ನೊಬ್ಬರು 'ಯಾವ ಜನ್ಮದ ಪಾಪವೋ' ಎಂದರು. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ನಾನೂ ಆ ರಾತ್ರಿ ಅಲುಗಾಡಿದೆ. ಅದನ್ನು ಮುಚ್ಚಿಡುವುದಿಲ್ಲ.

ಕಷ್ಟಗಳು ಒಟ್ಟಿಗೆ ಬಂದಾಗ ಮನಸ್ಸು ಎಲ್ಲವನ್ನೂ ಒಂದೇ ಗಂಟು ಕಟ್ಟಿ 'ಹಣೆಬರಹ' ಎಂದು ಹೆಸರಿಡುತ್ತದೆ. ಆ ಗಂಟು ಹೊರಲಾರದಷ್ಟು ಭಾರ.

☸️ ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಕೇಳುತ್ತಾನೆ: ಮನುಷ್ಯನ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರೆ, ತಾವೇನು ಹೇಳುತ್ತೀರಿ? ಬುದ್ಧರು ಅದನ್ನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಸೇರಿ ಆಗುವುದು, ಋತು ಬದಲಾವಣೆ, ಅಜಾಗರೂಕತೆ, ಪರರ ಹಲ್ಲೆ, ಕರ್ಮಫಲ ಎಂದು ಎಂಟು ಕಾರಣ ಎಣಿಸಿ, ಎಲ್ಲವನ್ನೂ ಕರ್ಮಕ್ಕೆ ಕಟ್ಟುವುದು ತಪ್ಪು ಎಂದರು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಬಡವನ ದುಃಖಕ್ಕೆ ಅವನ ಹಿಂದಿನ ಜನ್ಮವೇ ಹೊಣೆ ಎಂದರೆ ಸಮಾಜವೂ ಸರ್ಕಾರವೂ ಹೊಣೆಯಿಂದ ತಪ್ಪಿಸಿಕೊಳ್ಳುತ್ತವೆ ಎಂದು ಎಚ್ಚರಿಸಿದರು.

ನಾವೂ ಗಂಟು ಬಿಚ್ಚಿ ನೋಡಿದೆವು. ಗೋಡೆ ಮಣ್ಣಿನದು, ಹಿಂದೆ ನೀರು ಹೋಗಲು ಚರಂಡಿ ಇರಲಿಲ್ಲ. ಅವ್ವ ಬಿಪಿ ಮಾತ್ರೆ ಬಿಟ್ಟಿದ್ದಳು. ತಮ್ಮನ ಗುತ್ತಿಗೆಯ ಅವಧಿ ಮುಗಿದಿತ್ತು. ಮೂರು ಕಷ್ಟಕ್ಕೆ ಮೂರು ಬೇರೆ ಕಾರಣ. ಶಾಂತಿ ಪೂಜೆಗೆ ಹೇಳಿದ್ದ ದುಡ್ಡು ಫಿಸಿಯೋಥೆರಪಿಗೆ ಹೋಯಿತು. ಅವ್ವನ ಬಲಗೈ ಇನ್ನೂ ಮೇಲೇಳುವುದಿಲ್ಲ. ದುಃಖ ಇದೆ, ಆದರೆ ಭಯ ಹೋಗಿದೆ.

ಶಾಂತವಾಗಿರುವುದು ಎಂದರೆ ಅಳದಿರುವುದಲ್ಲ. ಬಾಬಾಸಾಹೇಬರು ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1926ರ ಜುಲೈನಲ್ಲಿ ಮಗ ರಾಜರತ್ನ ತೀರಿಕೊಂಡಾಗ ಅವರು ಕುಸಿದುಹೋಗಿದ್ದರು. ಆದರೂ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. 1935ರ ಮೇ 27ರಂದು ಮಾತೆ ರಮಾಬಾಯಿ ಅಗಲಿದರು. ಅದೇ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು.

🌼 ಇಂದಿನ ಅಭ್ಯಾಸ
1. ಹತ್ತು ಉಸಿರುಗಳನ್ನು ಗಮನವಿಟ್ಟು ನೋಡಿ.
2. ಒಂದೊಂದು ಕಷ್ಟವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಕಾರಣ, ಇಂದೇ ಮಾಡಬಹುದಾದ ಒಂದು ಕೆಲಸ, ಯಾರ ಸಹಾಯ ಕೇಳಬಹುದು ಎಂಬುದನ್ನು ಬರೆಯಿರಿ.
3. ಪರಿಹಾರವಿಲ್ಲದ್ದು ಉಳಿದರೆ ಅತ್ತುಬಿಡಿ. ನಿಮ್ಮನ್ನು ನೀವೇ ದೂಷಿಸಬೇಡಿ.

ನಮ್ಮ ಕೇರಿಯಲ್ಲಿ ಯಾರಿಗಾದರೂ ಹೀಗೆ ಕಷ್ಟದ ಮೇಲೆ ಕಷ್ಟ ಬಂದಿದ್ದರೆ, ಪಾಪಪುಣ್ಯದ ಮಾತು ಹೇಳಲು ಹೋಗಬೇಡಿ. ಬುತ್ತಿ ಕಟ್ಟಿಕೊಂಡು ಹೋಗಿ. ಅದೇ ಕರುಣೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್ 💙