ಶಬ್ದದ ಅಲೆ, ಮೀಟರಿನ ತಪ್ಪು ಲೆಕ್ಕ

ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಬೆಂಗಳೂರಿನಿಂದ ಮಗಳು ತವರಿಗೆ ಬಂದಿದ್ದಾಳೆ.

"ಅವ್ವ, ನಮ್ಮನೆಗೆ ಗ್ಯಾಸು ಕೊಳವೇಲೇ ಬತ್ತದೆ. ಮೀಟರ್ ನೋಡಿ ದುಡ್ಡು ಕಟ್ಟಬೇಕು."

"ಕಣ್ಣಿಗೆ ಕಾಣದ ಗ್ಯಾಸನ್ನ ಅಳೆಯೋದು ಹೆಂಗವ್ವ? ಲೆಕ್ಕ ತಪ್ಪಿದ್ರೆ?"

ಅವ್ವ ಕೇಳಿದ್ದು ಒಳ್ಳೆಯ ಪ್ರಶ್ನೆ. ಬನ್ನಿ, ತಿಳಿಯೋಣ.

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ನೆಲದೊಳಗೆ ದೊಡ್ಡ ಕೊಳವೆ ಇದೆ. 2013ರಲ್ಲಿ ಅದರಲ್ಲಿ ಗ್ಯಾಸ್ ಹರಿಯಿತು. ದೂರದವರೆಗೆ ಗ್ಯಾಸ್ ತಳ್ಳಲು ಯಂತ್ರ ಬೇಕು. ಒಂದು ಬಗೆಯ ಯಂತ್ರ ಸೈಕಲ್ ಪಂಪಿನ ಹಾಗೆ. ತಳ್ಳುತ್ತದೆ, ಬಿಡುತ್ತದೆ. ಮತ್ತೆ ತಳ್ಳುತ್ತದೆ.

ನೀವು ಊದುಗೊಳವೆಯಲ್ಲಿ 'ಫೂ, ಫೂ' ಎಂದು ಒಲೆ ಊದುತ್ತೀರಿ. ಗಾಳಿ ಅಲೆ ಅಲೆಯಾಗಿ ಹೋಗುತ್ತದೆ. ಶಬ್ದವೂ ಇಂಥ ಅಲೆಯೇ. ಹಬ್ಬದಲ್ಲಿ ತಮಟೆ ಬಡಿದರೆ ಎದೆ ನಡುಗುವುದಿಲ್ಲವೇ? ಆ ಅಲೆ ಬಂದು ತಟ್ಟುತ್ತದೆ. ಯಂತ್ರ ಎಬ್ಬಿಸಿದ ಅಲೆಯೂ ಹಾಗೆಯೇ ಕೊಳವೆಯೊಳಗೆ ಓಡಿ ಮೀಟರಿಗೆ ತಟ್ಟುತ್ತದೆ.

ದೊಡ್ಡ ಕೊಳವೆಯ ಒಂದು ಬಗೆಯ ಮೀಟರಿನಲ್ಲಿ ತೂತಿನ ಬಿಲ್ಲೆ ಇರುತ್ತದೆ. ಬಿಲ್ಲೆಯ ಎರಡು ಕಡೆಯ ಒತ್ತಡ ಬೇರೆ ಬೇರೆ. ಆ ವ್ಯತ್ಯಾಸ ನೋಡಿ ಮೀಟರ್ ಲೆಕ್ಕ ಹಾಕುತ್ತದೆ.

1 ಪಾಲು ಗ್ಯಾಸ್ ಹರಿದರೆ ವ್ಯತ್ಯಾಸ 1.
2 ಪಾಲು ಹರಿದರೆ 4.
3 ಪಾಲು ಹರಿದರೆ 9.

ಗ್ಯಾಸ್ ಒಂದೇ ಸಮನೆ 2 ಪಾಲು ಹರಿಯಲಿ. ಮೀಟರಿಗೆ 4 ಕಾಣುತ್ತದೆ. ಲೆಕ್ಕ ಸರಿ.

ಅಲೆ ಎದ್ದು ಒಮ್ಮೆ 1, ಒಮ್ಮೆ 3 ಪಾಲು ಹರಿಯಲಿ. ಸರಾಸರಿ 2 ಪಾಲೇ. ಆದರೆ ವ್ಯತ್ಯಾಸ 1 ಮತ್ತು 9. ಸರಾಸರಿ 5! ಮೀಟರ್ ಹೆಚ್ಚು ತೋರಿಸುತ್ತದೆ. ಬಾರದ ಗ್ಯಾಸಿಗೂ ಕೊಳ್ಳುವವರು ದುಡ್ಡು ಕೊಡಬೇಕು.

ಇದಕ್ಕೆ ಉಪಾಯ ಉಂಟು. ಪಂಪ್‌ಸೆಟ್ ನೀರು ತೊಟ್ಟಿಗೆ ದಬದಬ ಬೀಳುತ್ತದೆ. ತೊಟ್ಟಿಯಿಂದ ಕಾಲುವೆಗೆ ಸಮನಾಗಿ ಹರಿಯುತ್ತದೆ. ಹಾಗೆಯೇ ಯಂತ್ರಕ್ಕೂ ಮೀಟರಿಗೂ ನಡುವೆ ದೊಡ್ಡ ಪಾತ್ರೆ ಇಡುತ್ತಾರೆ. ಅಲೆ ತಗ್ಗುತ್ತದೆ.

"ಹಂಗಾದ್ರೆ ನಿನ್ನ ಮೀಟರೂ ತಪ್ಪು ಹೇಳ್ತದಾ?"

"ಇಲ್ಲ ಕಣವ್ವ. ಮನೆ ಮೀಟರಿನ ಬಗೆ ಬೇರೆ. ಅದರೊಳಗೆ ಪುಟ್ಟ ಚೀಲ ತುಂಬಿ ಖಾಲಿಯಾಗ್ತವೆ. ಎಷ್ಟು ಸಲ ಅಂತ ಲೆಕ್ಕ. ಅಂಕಿ ಓದೋಕೆ ಬಂದ್ರೆ ಬಿಲ್ಲಿಗೆ ತಾಳೆ ನೋಡಬಹುದು. ನೀನೂ ಸಿಲಿಂಡರ್ ತೂಗಿಸಿ ತಗೋ. ಖಾಲಿ ತೂಕ ಅದರ ಮೇಲೇ ಬರೆದಿರ್ತದೆ. ಅದಕ್ಕೆ 14.2 ಕಿಲೋ ಸೇರಿಸಿ ನೋಡು."

ಅವ್ವ ಎದ್ದಳು. ಸಿಲಿಂಡರಿನ ಮೇಲಿನ ಅಂಕಿಯನ್ನು ತಾನೇ ಓದಿದಳು.

ನೀವೂ ಓದಿ ನೋಡಿ. ಅಳತೆ ಕೇಳುವುದು ನಮ್ಮ ಹಕ್ಕು.