ಓಕ್ ಟ್ರೀ ರಸ್ತೆಯಲ್ಲಿ ಒಂದು ದಿನದ ಊಟ

ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರಿಗೆ ಮೊದಲ ಶನಿವಾರವೇ ಒಂದು ಕರೆ ಬರುತ್ತದೆ: ‘ಅಮ್ಮಾ, ಓಕ್ ಟ್ರೀ ರೋಡಿಗೆ ಹೋಗಿಬರೋಣ, ನಡಿ.’ ಹೋಗುತ್ತಾರೆ. ಯಾವುದೋ ದಕ್ಷಿಣ ಭಾರತದ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ಕಾಫಿ ಕುಡಿದು, ಕೊತ್ತಂಬರಿ ಸೊಪ್ಪು, ತೊಗರಿಬೇಳೆ ಕೊಂಡು ಮನೆಗೆ ಮರಳುತ್ತಾರೆ. ಹೊಟ್ಟೆ ತುಂಬಿರುತ್ತದೆ, ರಸ್ತೆ ಮಾತ್ರ ಹಾಗೇ ಉಳಿದಿರುತ್ತದೆ.

ದೋಸೆ ನಿಮಗೆ ಬೆಂಗಳೂರಲ್ಲೂ ಸಿಗುತ್ತದೆ, ದಾವಣಗೆರೆಯಲ್ಲೂ ಸಿಗುತ್ತದೆ. ಈ ರಸ್ತೆಯನ್ನು ಕಟ್ಟಿ ನಿಲ್ಲಿಸಿದವರಲ್ಲಿ ಹೆಚ್ಚಿನವರು ಗುಜರಾತಿಗಳು. ಇಲ್ಲಿ ಕೈ ಪಳಗಿರುವುದು ಅವರ ಅಡುಗೆಯಲ್ಲಿ. ಅದನ್ನು ತಿಂದು ನೋಡಿ. ನಮ್ಮ ಅಡುಗೆಮನೆಯ ದಾಯಾದಿಗಳು ಎಷ್ಟು ಜನ ಅಲ್ಲಿದ್ದಾರೆ ಎಂದು ತಿಳಿದು ಬೆರಗಾಗುತ್ತೀರಿ. ಈ ಬರಹ ಅದಕ್ಕೊಂದು ಕೈಪಿಡಿ.

ಇದು ಎಂಥ ಊರು

ಓಕ್ ಟ್ರೀ ರಸ್ತೆ ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿದೆ. ಅದರ ಪೂರ್ವದ ತುದಿ ವುಡ್‌ಬ್ರಿಡ್ಜ್ ಟೌನ್‌ಶಿಪ್ಪಿಗೆ ಸೇರಿದ ಐಸ್ಲಿನ್, ಪಶ್ಚಿಮದ ಭಾಗ ಎಡಿಸನ್. ಎರಡೂ ನ್ಯೂಯಾರ್ಕಿನ ಹೊರವಲಯದ ಊರುಗಳು: ಹುಲ್ಲುಹಾಸಿನ ಮನೆಗಳು, ಅಗಲ ರಸ್ತೆಗಳು, ಕಾರಿಲ್ಲದೆ ಕಷ್ಟ. ಅದರ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಸೀರೆ ಅಂಗಡಿ, ಚಿನ್ನದ ಅಂಗಡಿ, ಮಿಠಾಯಿ ಅಂಗಡಿ, ದಿನಸಿ ಅಂಗಡಿ, ಹೋಟೆಲುಗಳು ಒತ್ತೊತ್ತಾಗಿ ನಿಂತಿವೆ.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ, ದೇಶವಾರು ಕೋಟಾ ಪದ್ಧತಿಯನ್ನು ತೆಗೆದುಹಾಕಿತು. ಭಾರತದಿಂದ ಮೊದಲು ಬಂದವರು ವೈದ್ಯರು, ಎಂಜಿನಿಯರುಗಳು. ಅವರ ಬೆನ್ನಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಬಂದರು. ಹಾಗೆ ಬಂದವರಲ್ಲಿ ವ್ಯಾಪಾರ ಬಲ್ಲವರು ಬಹಳ. ಓಕ್ ಟ್ರೀ ರಸ್ತೆಯ ಹಳೆಯ ಮಳಿಗೆಗಳು ಖಾಲಿ ಬೀಳುತ್ತಿದ್ದ ಕಾಲದಲ್ಲಿ ಅವರು ಬಾಡಿಗೆ ಹಿಡಿದರು. 1990ರ ದಶಕದಲ್ಲಿ ರಸ್ತೆಯ ಚಹರೆಯೇ ಬದಲಾಯಿತು. 2010ರ ಜನಗಣತಿಯ ಹೊತ್ತಿಗೆ ಎಡಿಸನ್ನಿನ ಸುಮಾರು ಒಂದು ಲಕ್ಷ ಜನರಲ್ಲಿ ಶೇ. 28ರಷ್ಟು ಮಂದಿ ಭಾರತೀಯ ಮೂಲದವರಾಗಿದ್ದರು.

ಹೋಗುವ ದಾರಿ

ಕಾರಿನಲ್ಲಿ ಬರುವವರು ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ ಐಸ್ಲಿನ್‌ಗೆ ಹೋಗುವ ಎಕ್ಸಿಟ್ ಹಿಡಿಯಬೇಕು. ವಾರಾಂತ್ಯದ ಸಂಜೆ ಕಾರು ನಿಲ್ಲಿಸಲು ಜಾಗ ಸಿಗುವುದೇ ದೊಡ್ಡ ಕೆಲಸ. ಮಳಿಗೆಗಳ ಮುಂದಿನ ಜಾಗ ತುಂಬಿದ್ದರೆ ಹಿಂಬದಿ ನೋಡಿ. ಎಲ್ಲಿ ನಿಲ್ಲಿಸಿದರೂ ಫಲಕ ಓದದೆ ಇಳಿಯಬೇಡಿ.

ನ್ಯೂಯಾರ್ಕಿನಿಂದ ರೈಲಿನಲ್ಲಿ ಬರುವುದಾದರೆ ಪೆನ್ ಸ್ಟೇಷನ್ನಿನಲ್ಲಿ ಎನ್‌ಜೆ ಟ್ರಾನ್ಸಿಟ್‌ನ ನಾರ್ತ್‌ಈಸ್ಟ್ ಕಾರಿಡಾರ್ ಗಾಡಿ ಹತ್ತಿ ಮೆಟ್ರೋಪಾರ್ಕಿನಲ್ಲಿ ಇಳಿಯಿರಿ. ಮುಕ್ಕಾಲು ಗಂಟೆಯ ಹಾದಿ. ನೆವಾರ್ಕ್ ವಿಮಾನ ನಿಲ್ದಾಣದಿಂದಲೂ ಇದೇ ಮಾರ್ಗದ ಗಾಡಿ ಸಿಗುತ್ತದೆ. ಟಿಕೆಟನ್ನು ಹತ್ತುವ ಮೊದಲೇ ಕೊಳ್ಳಿ, ಗಾಡಿಯೊಳಗೆ ಕೊಂಡರೆ ಹೆಚ್ಚು ಹಣ ತೆರಬೇಕಾಗಬಹುದು. 62 ದಾಟಿದವರಿಗೆ ರಿಯಾಯಿತಿ ದರವಿದೆ, ವಯಸ್ಸು ತೋರಿಸುವ ಗುರುತಿನ ಪತ್ರ ಕೈಯಲ್ಲಿರಲಿ. ನಿಲ್ದಾಣದಿಂದ ಓಕ್ ಟ್ರೀ ರಸ್ತೆಗೆ ಟ್ಯಾಕ್ಸಿ ಒಳ್ಳೆಯದು. ನಕ್ಷೆಯಲ್ಲಿ ಹತ್ತಿರ ಕಂಡರೂ ಮಂಡಿನೋವಿನವರು ನಡೆಯುವ ದಾರಿ ಅದಲ್ಲ.

ಯಾವಾಗ ಹೋಗಬೇಕು

ಹೋಟೆಲು ನೋಡಬೇಕೆಂದರೆ ವಾರದ ನಡುವಿನ ಮಧ್ಯಾಹ್ನ, ಊರು ನೋಡಬೇಕೆಂದರೆ ಭಾನುವಾರ. ಸೋಮವಾರ ಅಥವಾ ಮಂಗಳವಾರ ರಜೆ ಇಡುವ ಅಂಗಡಿಗಳು ಇಲ್ಲಿವೆ. ದೂರದಿಂದ ಬರುವವರು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಆಗಸ್ಟ್ 15ರ ಆಸುಪಾಸಿನ ಒಂದು ಭಾನುವಾರ ಇದೇ ರಸ್ತೆಯಲ್ಲಿ ಸ್ವಾತಂತ್ರ್ಯೋತ್ಸವದ ಮೆರವಣಿಗೆ ಸಾಗುತ್ತದೆ. ಅಂದು ಸಡಗರ ನೋಡಲು ಬನ್ನಿ, ಕೂತು ಉಣ್ಣಲು ಬೇಡ. ದೀಪಾವಳಿಯ ಹಿಂದಿನ ವಾರ ಮಿಠಾಯಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಳಿಗಾಲಕ್ಕೆ ಮಾತ್ರ ಒಂದು ವಿಶೇಷವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗುಜರಾತಿ ತಟ್ಟೆ

ಫರಸಾಣ್ ಎಂದು ಬರೆದಿರುವ ಅಂಗಡಿಗೆ ಹೋಗಿ. ಫರಸಾಣ್ ಎಂದರೆ ಅವರ ಕುರುಕಲು ತಿಂಡಿಗಳ ಲೋಕ. ಗಾಜಿನ ಪೆಟ್ಟಿಗೆಯ ಹಿಂದೆ ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿ, ಸಾಸಿವೆ ಎಳ್ಳಿನ ಒಗ್ಗರಣೆ ಹಾಕಿಟ್ಟ ಒಂದು ತಿಂಡಿ ಕಾಣುತ್ತದೆ. ಹೆಸರು ‘ಪಾತ್ರಾ’. ಕೆಸುವಿನ ಎಲೆಗೆ ಹುಣಸೆ, ಬೆಲ್ಲ, ಖಾರ ಸೇರಿಸಿದ ಹಿಟ್ಟು ಬಳಿದು, ಎಲೆಯ ಮೇಲೆ ಎಲೆ ಇಟ್ಟು, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಕರಾವಳಿ, ಮಲೆನಾಡಿನವರಿಗೆ ಇನ್ನು ಹೇಳಬೇಕಿಲ್ಲ. ಇದು ಪತ್ರೊಡೆ. ನಮ್ಮದು ಅಕ್ಕಿಹಿಟ್ಟು, ಅವರದು ಕಡಲೆಹಿಟ್ಟು, ಅಷ್ಟೇ ವ್ಯತ್ಯಾಸ.

ಹೀಗೇ ಒಂದೊಂದಾಗಿ ನೆಂಟರನ್ನು ಗುರುತಿಸುತ್ತ ಹೋಗಬಹುದು. ಥಾಲಿ ತರಿಸಿದರೆ ಕಢಿ ಬರುತ್ತದೆ, ಮಜ್ಜಿಗೆಹುಳಿಯ ಬಳಗ. ‘ರೋಟ್ಲೋ’ ಎಂದರೆ ಸಜ್ಜೆಯ ರೊಟ್ಟಿ, ಬಾಗಲಕೋಟೆಯ ಕಡೆಯವರಿಗೆ ತವರಿನದು. ಅದರ ಜೊತೆಗೆ ಬರುವ ‘ಓಳೋ’ ಸುಟ್ಟ ಬದನೆಕಾಯಿಯದು. ‘ವೇಢ್ಮಿ’ ತೊಗರಿಬೇಳೆಯ ಹೂರಣ ತುಂಬಿದ ಹೋಳಿಗೆ. ದಾಲ್ ಸಿಹಿ ಎಂದು ಮುಖ ಸಿಂಡರಿಸುವವರನ್ನು ನೋಡಿದ್ದೇನೆ. ಸಾಂಬಾರಿಗೆ ಬೆಲ್ಲ ಹಾಕುವ ನಾಡಿನವರು ಹಾಗೆ ಮಾಡಬಾರದು. ಎರಡು ತುತ್ತು ತಾಳ್ಮೆಯಿಂದ ತಿನ್ನಿ, ಹುಳಿ, ಸಿಹಿ, ಖಾರ ಮೂರೂ ನಾಲಗೆಗೆ ಹೊಂದಿಕೊಳ್ಳುತ್ತವೆ.

ನಮ್ಮಲ್ಲಿ ಇಲ್ಲದ್ದನ್ನೂ ತಪ್ಪದೆ ತಿನ್ನಿ. ‘ಖಾಂಡ್ವಿ’ ಕಡಲೆಹಿಟ್ಟನ್ನು ಮಜ್ಜಿಗೆಯಲ್ಲಿ ಕುದಿಸಿ, ಬಿಸಿ ಆರುವ ಮೊದಲೇ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಸುತ್ತುವ ತಿಂಡಿ. ಮಾಡುವ ಕೈಗೆ ಹದ ಗೊತ್ತಿರಬೇಕು, ಕ್ಷಣ ತಡವಾದರೂ ಕೆಡುತ್ತದೆ. ‘ಹಾಂಡ್ವೋ’ ಅಕ್ಕಿಬೇಳೆಯ ಹುದುಗು ಹಿಟ್ಟಿಗೆ ಸೋರೆಕಾಯಿ ತುರಿದು ಹಾಕಿ, ಎಳ್ಳಿನ ಒಗ್ಗರಣೆ ಕೊಟ್ಟು ಬೇಯಿಸುವ ದಪ್ಪ ರೊಟ್ಟಿಯಂಥದು. ಭಾನುವಾರ ಬೆಳಿಗ್ಗೆ ಫಾಫಡಾ ಮತ್ತು ಜಿಲೇಬಿ ಒಟ್ಟಿಗೆ ತಿನ್ನುವುದು ಗುಜರಾತಿಗಳ ರೂಢಿ: ಗರಿಗರಿ ಉಪ್ಪು ಒಂದು ಕೈಗೆ, ಬಿಸಿ ಸಿಹಿ ಇನ್ನೊಂದಕ್ಕೆ.

ಚಳಿಗಾಲದ ವಿಶೇಷವೆಂದರೆ ‘ಉಂಧಿಯು’. ಅವರೆಯ ಜಾತಿಯ ಪಾಪಡಿ, ನೇರಳೆ ಬಣ್ಣದ ಗೆಣಸಿನ ಜಾತಿಯ ಗಡ್ಡೆ, ಎಳೆ ಬದನೆ, ಮೆಂತ್ಯ ಸೊಪ್ಪಿನ ಉಂಡೆ ಎಲ್ಲವನ್ನೂ ಒಟ್ಟಿಗೆ ಹದವಾಗಿ ಬೇಯಿಸುವ ಪಲ್ಯ. ಗುಜರಾತಿನಲ್ಲಿ ಉತ್ತರಾಯಣದಂದು, ಅಂದರೆ ನಮ್ಮ ಸಂಕ್ರಾಂತಿಯ ದಿನ, ಗಾಳಿಪಟದ ಜೊತೆ ಇದು ಇರಲೇಬೇಕು. ಸೊಗಡವರೆಗಾಗಿ ವರ್ಷವಿಡೀ ಕಾಯುವ ನಮಗೆ ಅವರ ಆ ಆಸೆ ಚೆನ್ನಾಗಿ ಅರ್ಥವಾಗುತ್ತದೆ. ಜನವರಿಯಲ್ಲಿ ನ್ಯೂಜೆರ್ಸಿಯಲ್ಲಿದ್ದರೆ ಕೇಳಿ ತರಿಸಿ.

ಓಕ್ ಟ್ರೀ ರಸ್ತೆಯಲ್ಲಿ ಹಲವು ವರ್ಷಗಳಿಂದ ಹೆಸರು ಮಾಡಿದವುಗಳಲ್ಲಿ ಚೌಪಾಟಿ ಮತ್ತು ಝುಪಡಿ ಗುಜರಾತಿ ಊಟತಿಂಡಿಗೆ, ಮಿಠಾಸ್ ಸಿಹಿ ಮತ್ತು ಚಾಟ್‌ಗೆ, ಮೊಘಲ್ ಉತ್ತರ ಭಾರತದ ಊಟಕ್ಕೆ, ಸ್ವಾಗತ್ ಮತ್ತು ಸರವಣ ಭವನ ದಕ್ಷಿಣದ ಊಟತಿಂಡಿಗೆ ಪ್ರಸಿದ್ಧ. ಇಲ್ಲಿ ಹೋಟೆಲುಗಳು ಕೈ ಬದಲಾಗುವುದು, ಜಾಗ ಬದಲಿಸುವುದು ಸಾಮಾನ್ಯ. ಹೊರಡುವ ಮುನ್ನ ಒಮ್ಮೆ ವಿಚಾರಿಸಿ.

ಉಳಿದ ಅಡುಗೆಮನೆಗಳು

ಎರಡನೆಯ ಸಲ ಬಂದಾಗ ಪಂಜಾಬಿನ ಛೋಲೆ ಭಟೂರೆ, ಹೈದರಾಬಾದಿನ ಬಿರಿಯಾನಿಗೆ ಹೊಟ್ಟೆಯಲ್ಲಿ ಜಾಗ ಮಾಡಿಕೊಳ್ಳಿ. ಮಾಂಸಾಹಾರಿಗಳು ಹಲಾಲ್ ಫಲಕವಿರುವ ಕಡೆ ‘ನಿಹಾರಿ’ ಇದೆಯೇ ಎಂದು ಕೇಳಿ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಮಾಂಸದ ದಪ್ಪ ಸಾರು ಅದು. ದಿಲ್ಲಿ, ಲಖನೌಗಳ ಮನೆಗಳಲ್ಲಿದ್ದ ಈ ಅಡುಗೆ ದೇಶವಿಭಜನೆಯ ನಂತರ ಕರಾಚಿಗೂ ಹೋಯಿತು. ಗಡಿಯಾಚೆ ಈಚೆಯವರು ಒಂದೇ ಸಾಲಿನಲ್ಲಿ ಕೂತು ಅದನ್ನು ಉಣ್ಣುವ ನೋಟ ಇಂಥ ರಸ್ತೆಗಳಲ್ಲೇ ಸಿಗುವುದು. ಆಮೇಲೆ ಒಂದು ಫಾಲೂದಾ ಅಥವಾ ಒಂದು ಬೀಡಾ.

ದೋಸೆ ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ಅಮೆರಿಕದ ಹಲವು ಊರುಗಳಲ್ಲಿ ‘ಉಡುಪಿ’ ಎಂಬ ಹೆಸರು ದಕ್ಷಿಣದ ಸಸ್ಯಾಹಾರಕ್ಕೇ ಗುರುತಾಗಿಬಿಟ್ಟಿದೆ. ಮಾಲೀಕರು ಕನ್ನಡಿಗರೇ ಆಗಿರಬೇಕೆಂದಿಲ್ಲ. ‘ಮೈಸೂರು ಮಸಾಲೆ’ ಎಂದರೆ ಕೆಂಪು ಚಟ್ನಿ ಬಳಿದ ದೋಸೆ ಬರುತ್ತದೆ. ಮುದ್ದೆ, ಉಪ್ಸಾರು, ಅಕ್ಕಿರೊಟ್ಟಿಗಾಗಿ ಹೋಟೆಲು ಅಲೆಯಬೇಡಿ. ಅವು ಅಲ್ಲಿನ ಕನ್ನಡಿಗರ ಮನೆಗಳಲ್ಲಿ, ಕನ್ನಡ ಸಂಘದ ಹಬ್ಬದೂಟಗಳಲ್ಲಿ ಸಿಗುತ್ತವೆ. ನ್ಯೂಜೆರ್ಸಿಯ ಕನ್ನಡಿಗರ ಸಂಘದ ಹೆಸರು ‘ಬೃಂದಾವನ’. ನೀವಿರುವ ದಿನಗಳಲ್ಲಿ ಅವರ ಯುಗಾದಿಯೋ ರಾಜ್ಯೋತ್ಸವವೋ ಇದ್ದರೆ ಬಿಡಬೇಡಿ.

ಸಸ್ಯಾಹಾರಿಗಳಿಗೆ, ವ್ರತದವರಿಗೆ

ಈ ರಸ್ತೆಯಷ್ಟು ನಿಶ್ಚಿಂತೆಯಿಂದ ಸಸ್ಯಾಹಾರಿಗಳು ಉಣ್ಣಬಹುದಾದ ಜಾಗ ಅಮೆರಿಕದಲ್ಲಿ ಕಡಿಮೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ‘ಜೈನ್’ ಎಂಬ ಒಂದೇ ಪದ ಹೇಳಿದರೆ ಸಾಕು, ಗುಜರಾತಿ ಹೋಟೆಲಿನವರಿಗೆ ಅರ್ಥವಾಗುತ್ತದೆ. ಕೆಲವರು ಸ್ವಾಮಿನಾರಾಯಣ ಪದ್ಧತಿಯ ಅಡುಗೆ ಎಂದೂ ಬರೆದಿರುತ್ತಾರೆ, ಅದರಲ್ಲೂ ಇವೆರಡೂ ಇರುವುದಿಲ್ಲ. ಮಿಶ್ರ ಹೋಟೆಲುಗಳಲ್ಲಿ ನಾನ್ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆಯೇ ಎಂದು ಕೇಳಿ. ಗೋಡಂಬಿ, ಕಡಲೆಕಾಯಿ ಆಗದ ಮೊಮ್ಮಕ್ಕಳಿದ್ದರೆ ತರಿಸುವ ಮೊದಲೇ ತಿಳಿಸಿ. ಉತ್ತರದ ಗ್ರೇವಿಗಳಲ್ಲಿ ಗೋಡಂಬಿ ಕಣ್ಣಿಗೆ ಕಾಣದಂತೆ ಅರೆದಿರುತ್ತದೆ.

ಬಿಲ್ಲು ಬಂದಾಗ

ಪಟ್ಟಿಯಲ್ಲಿರುವ ಬೆಲೆಯೇ ಕೊನೆಯಲ್ಲ. ಅದರ ಮೇಲೆ ನ್ಯೂಜೆರ್ಸಿಯ ಶೇ. 6.625 ಮಾರಾಟ ತೆರಿಗೆ ಬೀಳುತ್ತದೆ. ಮೇಜಿಗೆ ತಂದು ಬಡಿಸುವ ಕಡೆ ಶೇ. 18ರಿಂದ 20ರಷ್ಟು ಟಿಪ್ಸ್ ಕೊಡುವುದು ವಾಡಿಕೆ. ಬಡಿಸುವವರ ಗಳಿಕೆಯಲ್ಲಿ ಬಹುಪಾಲು ಅದರಿಂದಲೇ ಬರುವುದರಿಂದ ಅದನ್ನು ಮುರಿಯಬೇಡಿ. ಕೌಂಟರಿನಲ್ಲಿ ನೀವೇ ತೆಗೆದುಕೊಂಡು ತಿನ್ನುವ ಕಡೆ ನಿಮ್ಮಿಷ್ಟ. ನ್ಯೂಜೆರ್ಸಿಯಲ್ಲಿ ಮದ್ಯದ ಪರವಾನಗಿ ಎಣಿಕೆಯವು, ದುಬಾರಿ. ಆದ್ದರಿಂದ ಅನೇಕ ಹೋಟೆಲುಗಳು ಮಾರುವುದಿಲ್ಲ, ಗಿರಾಕಿಗಳೇ ತಂದುಕೊಳ್ಳಲು ಬಿಡುತ್ತವೆ. ತಟ್ಟೆಗಳು ದೊಡ್ಡವು. ಮಿಕ್ಕಿದ್ದನ್ನು ಕಟ್ಟಿಕೊಡಿ ಎಂದು ಕೇಳಲು ಸಂಕೋಚ ಬೇಡ, ಅಲ್ಲಿ ಎಲ್ಲರೂ ಕೇಳುತ್ತಾರೆ. ನೀರು ಕೇಳುವಾಗ ‘ಐಸ್ ಬೇಡ’ ಎಂದು ಮೊದಲೇ ಹೇಳಿ.

ದಿನಸಿ ಅಂಗಡಿ

ಪಟೇಲ್ ಬ್ರದರ್ಸ್ 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂನಲ್ಲಿ ಆರಂಭವಾದ ಅಂಗಡಿ. ಈಗ ದೇಶದುದ್ದಕ್ಕೂ ಅದರ ಮಳಿಗೆಗಳಿವೆ, ಓಕ್ ಟ್ರೀ ರಸ್ತೆಯಲ್ಲೂ ಇದೆ. ಇಂಥ ಅಂಗಡಿಗಳಲ್ಲಿ ರಾಗಿಹಿಟ್ಟು, ಎಂಟಿಆರ್ ಪೊಟ್ಟಣಗಳು, ಹಸಿ ಕರಿಬೇವು ಎಲ್ಲ ಸಿಗುತ್ತವೆ. ಆದ್ದರಿಂದ ಊರಿನಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಕರಿಬೇವು ಇಟ್ಟುಕೊಳ್ಳಬೇಡಿ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ ಎಂಬ ಕಾರಣಕ್ಕೆ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಸೊಪ್ಪೂ ಹೋಗುತ್ತದೆ, ದಂಡವೂ ಬೀಳಬಹುದು.

ಪಕ್ಕದಲ್ಲೇ ಇರುವವು

ಎಡಿಸನ್ನಿಗೆ ಆ ಹೆಸರು ಬಂದಿದ್ದು 1954ರಲ್ಲಿ. ಅದಕ್ಕೂ ಮೊದಲು ಅದು ರಾರಿಟನ್ ಟೌನ್‌ಶಿಪ್. ಥಾಮಸ್ ಆಲ್ವ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ್ದು, 1879ರಲ್ಲಿ ವಿದ್ಯುದ್ದೀಪವನ್ನು ಬಹುಹೊತ್ತು ಬೆಳಗಿಸಿದ್ದು ಇಲ್ಲಿನ ಮೆನ್ಲೋ ಪಾರ್ಕಿನಲ್ಲಿ. ಆ ಜಾಗದಲ್ಲಿ ಸ್ಮಾರಕ ಗೋಪುರ, ಪುಟ್ಟ ವಸ್ತುಸಂಗ್ರಹಾಲಯ ಇವೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ಎಡಿಸನ್ನಿನಲ್ಲೇ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದೆ. ಉಡುಪಿಯ ಪೂಜಾಕ್ರಮ ಅಲ್ಲಿ ಕಣ್ಣಿಗೆ, ಕನ್ನಡದ ಮಾತು ಕಿವಿಗೆ ಬೀಳುತ್ತವೆ. ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೆ, 2023ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ರಾಬಿನ್ಸ್‌ವಿಲ್ಲಿನ ಅಕ್ಷರಧಾಮಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

ಒಂದು ದಿನದ ಕ್ರಮ

ಬೆಳಿಗ್ಗೆ ಹತ್ತಕ್ಕೆ ಮೆನ್ಲೋ ಪಾರ್ಕ್, ತೆರೆದಿರುವ ದಿನ ನೋಡಿಕೊಂಡು. ಮಧ್ಯಾಹ್ನ ಹನ್ನೆರಡರೊಳಗೆ ಗುಜರಾತಿ ಥಾಲಿ. ಊಟ ಅರಗುವವರೆಗೆ ಸೀರೆ ಅಂಗಡಿ, ಚಿನ್ನದಂಗಡಿಗಳ ಮುಂದೆ ನಡಿಗೆ. ನಾಲ್ಕಕ್ಕೆ ಚಾಟ್, ಚಹಾ. ಕೊನೆಗೆ ದಿನಸಿ, ಇಲ್ಲದಿದ್ದರೆ ಚೀಲ ಹೊತ್ತು ಅಲೆಯಬೇಕಾಗುತ್ತದೆ.

ಹೊರಡುವ ಮುನ್ನ ಫರಸಾಣ್ ಅಂಗಡಿಗೆ ಇನ್ನೊಮ್ಮೆ ಹೋಗಿ. ಮೆಂತ್ಯ ಸೊಪ್ಪಿನ ಥೇಪ್ಲಾ ಒಂದು ಕಟ್ಟು ತೆಗೆದುಕೊಳ್ಳಿ, ಎರಡು ದಿನ ಕೆಡುವುದಿಲ್ಲ. ಜೊತೆಗೆ ಅರ್ಧ ಪೌಂಡ್ ಪಾತ್ರಾ ಕಟ್ಟಿಸಿ. ರಾತ್ರಿ ಮಗಳ ಮನೆಯ ಅಡುಗೆಮನೆಯಲ್ಲಿ ಅದನ್ನು ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿದು, ಮೇಲೆ ಒಂದಿಷ್ಟು ತೆಂಗಿನತುರಿ ಉದುರಿಸಿ ಮೊಮ್ಮಕ್ಕಳ ತಟ್ಟೆಗೆ ಹಾಕಿ. ಅವರು ಏನಿದು ಎಂದು ಕೇಳಿದಾಗ ಪಾತ್ರಾ ಎನ್ನಿ, ಪತ್ರೊಡೆ ಎಂದೂ ಹೇಳಿಕೊಡಿ. ಎರಡು ಹೆಸರೂ ಅವರಿಗೆ ಗೊತ್ತಿರಲಿ.